ಕಂಚಿಗೆ ಹೋದ ಮೊಮ್ಮಗ, ಬಳ್ಳಿಗಾವೆಗೆ ಬಂದ ವಿದ್ಯಾರ್ಥಿಗಳು

ವಿದ್ಯೆಗಾಗಿ ಪರದೇಶಕ್ಕೆ ಹೋಗುವುದು ವಿಮಾನ ಬಂದ ಮೇಲೆ ಹುಟ್ಟಿದ ಪದ್ಧತಿ ಎಂದು ತಿಳಿದವರುಂಟು. ಕಾಲೇಜಿನಲ್ಲಿ ಓದುತ್ತಿರುವಾಗಲೇ ಎರಡು ಮೂರು ತಿಂಗಳು ಹೊರದೇಶದ ಪ್ರಯೋಗಾಲಯದಲ್ಲೋ ಕಚೇರಿಯಲ್ಲೋ ಕೆಲಸ ಕಲಿತು ಬರುವ ಇಂಟರ್ನ್‌ಶಿಪ್ ಎಂಬುದಂತೂ ತೀರ ಇತ್ತೀಚಿನದು. ಆದರೆ ಅದಕ್ಕೆ ಹೊರಡುವ ವಿದ್ಯಾರ್ಥಿಯ ಮನೆಯಲ್ಲಿ ಏಳುವ ಪ್ರಶ್ನೆಗಳು ಹಳೆಯವು. ಅಲ್ಲಿಯವರಿಗೆ ನಮ್ಮನ್ನು ಪರಿಚಯಿಸುವವರು ಯಾರು? ಸೇರಿಸಿಕೊಳ್ಳುವವರು ಯಾರು? ಅಲ್ಲಿರುವಷ್ಟು ದಿನ ಅನ್ನಕ್ಕೆ ದಾರಿಯೇನು? ಈ ಮೂರು ಪ್ರಶ್ನೆಗಳನ್ನು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ಸೀಮೆ ಸಾವಿರದ ಆರುನೂರು ವರ್ಷಗಳ ಹಿಂದೆಯೇ ಎದುರಿಸಿತ್ತು. ಆ ಸೀಮೆ ಕಾಲಾಂತರದಲ್ಲಿ ಕಂಡುಕೊಂಡ ಉತ್ತರ ಅಲ್ಲಿನ ಕಲ್ಲುಗಳಲ್ಲಿದೆ.

ಶಿಕಾರಿಪುರ ತಾಲೂಕಿನ ತಾಳಗುಂದದ ಹಳೆಯ ಹೆಸರು ಸ್ಥಾಣಕುಂದೂರು. ಅಲ್ಲಿನ ಪ್ರಣವೇಶ್ವರ ದೇವಾಲಯದ ಎದುರು ನಿಂತಿರುವ ಕಂಬದ ಮೇಲೆ ಕದಂಬ ಶಾಂತಿವರ್ಮನ ಕಾಲದ ಸಂಸ್ಕೃತ ಶಾಸನವಿದೆ. ಅದನ್ನು ರಚಿಸಿದವನು ಕುಬ್ಜನೆಂಬ ಕವಿ. ಕಾಲ ಐದನೆಯ ಶತಮಾನ. ಶಾಂತಿವರ್ಮನ ತಂದೆ ಕಾಕುಸ್ಥವರ್ಮ ಇಲ್ಲಿ ಕಟ್ಟಿಸಿದ ಕೆರೆಯ ನೆನಪಿಗೆ ನೆಟ್ಟ ಕಂಬ ಅದು. ಆದರೆ ಕೆರೆಯ ಮಾತಿಗೆ ಬರುವ ಮೊದಲು ಕವಿ ವಂಶದ ಮೂಲವನ್ನು ಹೇಳುತ್ತಾನೆ. ಆ ಮೂಲದಲ್ಲಿ ಇರುವುದು ಯುದ್ಧವಲ್ಲ, ಓದಲು ಹೊರಟ ಒಬ್ಬ ವಿದ್ಯಾರ್ಥಿಯ ಪಯಣ.

ಆ ವಿದ್ಯಾರ್ಥಿ ಮಯೂರಶರ್ಮ. ಮನೆಯ ಬಳಿ ಕದಂಬ ವೃಕ್ಷವಿದ್ದ ವೈದಿಕ ಕುಟುಂಬದವನು. ವೇದವಿದ್ಯೆಯನ್ನು ಸಂಪೂರ್ಣವಾಗಿ ಕಲಿಯಬೇಕೆಂದು ಗುರು ವೀರಶರ್ಮನ ಜೊತೆಯಲ್ಲಿ ಪಲ್ಲವರ ರಾಜಧಾನಿ ಕಂಚಿಗೆ ಹೋಗಿ ಅಲ್ಲಿನ ಘಟಿಕೆಯನ್ನು ಸೇರಿದ. ಘಟಿಕೆಯೆಂದರೆ ಉನ್ನತ ವಿದ್ಯೆಯ ಕೇಂದ್ರ. ಕಾಲ ನಾಲ್ಕನೆಯ ಶತಮಾನದ ನಡುಭಾಗ. ತಾಳಗುಂದದಿಂದ ಕಂಚಿಗೆ ಇಂದಿನ ರಸ್ತೆಯ ಲೆಕ್ಕದಲ್ಲಿ ಐನೂರು ಕಿಲೋಮೀಟರಿಗೂ ಹೆಚ್ಚು ದೂರ. ಘಟ್ಟದ ಸೆರಗಿನ ಮಳೆನಾಡಿನಿಂದ ಪೂರ್ವ ಕರಾವಳಿಯ ಬಯಲಿಗೆ, ಬೇರೆ ಅರಸರ ಆಳ್ವಿಕೆಗೆ, ಬೇರೆ ಮಾತಿನ ಜನರ ನಡುವೆ ಹೋಗುವುದು ಅಂದಿನ ಮಟ್ಟಿಗೆ ಪರದೇಶ ಪ್ರಯಾಣವೇ ಸರಿ.

ಇಲ್ಲಿ ಗಮನಿಸಬೇಕಾದ ಸಂಗತಿ ಎರಡು. ಮೊದಲನೆಯದು, ಮಯೂರಶರ್ಮ ಒಬ್ಬನೇ ಹೋಗಲಿಲ್ಲ. ಬನವಾಸಿಗೆ ಸಮೀಪದ ಗುಡ್ನಾಪುರದಲ್ಲಿ ದೊರೆತ ಕದಂಬ ರವಿವರ್ಮನ ಶಾಸನ ಈ ವೀರಶರ್ಮ ಯಾರೆಂಬುದನ್ನು ತಿಳಿಸುತ್ತದೆ. ಆತ ಮಯೂರನ ಅಜ್ಜ. ನಡುವಿನ ತಲೆಮಾರಿನವನು ಬಂಧುಷೇಣ. ಎಂದರೆ ಮೊಮ್ಮಗನನ್ನು ಕರೆದುಕೊಂಡು ಹೋಗಿ ಸೇರಿಸಿದವನು ಸ್ವತಃ ವಿದ್ವಾಂಸನಾಗಿದ್ದ ಮನೆಯ ಹಿರಿಯ. ಇಂದು ವಿದೇಶದ ಪ್ರಾಧ್ಯಾಪಕರಿಗೆ ನಮ್ಮ ಪ್ರಾಧ್ಯಾಪಕರು ಬರೆದುಕೊಡುವ ಶಿಫಾರಸು ಪತ್ರ ಮಾಡುವ ಕೆಲಸವನ್ನು ಅಂದು ಅಜ್ಜನ ಮುಖಪರಿಚಯ ಮಾಡಿರಬೇಕು.

ಎರಡನೆಯದು, ಘಟಿಕೆಯನ್ನು ಹೊಕ್ಕ ವಿದ್ಯಾರ್ಥಿಗೆ ಶಾಸನ ಬಳಸಿರುವ ಒಂದು ಪದ: ತರ್ಕುಕ. ಸಂಸ್ಕೃತ ನಿಘಂಟುಗಳಲ್ಲಿ ಇದಕ್ಕೆ ಬೇಡುವವನು, ಯಾಚಕ ಎಂಬ ಅರ್ಥವಿದೆ. ಜಿಜ್ಞಾಸು ಎಂದು ಅರ್ಥ ಮಾಡಿದವರೂ ಇದ್ದಾರೆ. ಎರಡೂ ಹೊಂದುವ ಅರ್ಥಗಳೇ. ಜ್ಞಾನ ಕೇಳಲು ಹೋದವನು ಅನ್ನವನ್ನೂ ಕೇಳಬೇಕಾಗಿದ್ದ ಕಾಲವದು. ಬ್ರಹ್ಮಚಾರಿಯ ಪಾಲಿಗೆ ಭಿಕ್ಷೆ ಅವಮಾನವಾಗಿರಲಿಲ್ಲ, ವಿಧಿಯಾಗಿತ್ತು. ವಾರಕ್ಕೊಂದು ದಿನದಂತೆ ಏಳು ಮನೆಗಳಲ್ಲಿ ಊಟ ಮಾಡಿ ಓದುವ ವಾರಾನ್ನದ ಪದ್ಧತಿಯನ್ನು ನಮ್ಮ ಅಜ್ಜಂದಿರ ತಲೆಮಾರು ಕಂಡಿತ್ತು. ಅದರ ಬೇರು ಅಷ್ಟು ಹಿಂದಕ್ಕೆ ಹೋಗುತ್ತದೆ.

ಮುಂದಿನ ಕಥೆ ಶಾಲೆಯ ಪಾಠಗಳಿಂದ ಎಲ್ಲರಿಗೂ ಗೊತ್ತು. ಕಂಚಿಯಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಯಿತು. ಅವಮಾನಗೊಂಡ ಮಯೂರಶರ್ಮ ಓದು ಬಿಟ್ಟು ಖಡ್ಗ ಹಿಡಿದ. ಶ್ರೀಪರ್ವತದ ಕಾಡುಗಳಲ್ಲಿ ನೆಲೆ ನಿಂತು ಬೃಹದ್ಬಾಣರಿಂದ ಕಪ್ಪ ವಸೂಲು ಮಾಡಿದ. ಕೊನೆಗೆ ಪಲ್ಲವರೇ ಅವನನ್ನು ಅರಸನೆಂದು ಒಪ್ಪಬೇಕಾಯಿತು. ಕನ್ನಡ ನಾಡನ್ನು ಈ ನೆಲದಿಂದಲೇ ಆಳಿದ ಮೊದಲ ರಾಜವಂಶ ಹೀಗೆ ಹುಟ್ಟಿತು. ಜಗಳದ ಕಾರಣವನ್ನು ಶಾಸನ ವಿವರಿಸುವುದಿಲ್ಲ. ಆದರೆ ಬೇರೆ ನಾಡಿನಲ್ಲಿ, ಬೇಡಿ ತಿನ್ನುವ ಸ್ಥಿತಿಯಲ್ಲಿ, ರಾಜನ ಆಳಿನೆದುರು ನಿಂತ ವಿದ್ಯಾರ್ಥಿಯ ಬೆನ್ನಿಗೆ ಯಾರೂ ಇರಲಿಲ್ಲ ಎಂಬುದು ಸ್ಪಷ್ಟ. ಹೊರನಾಡಿನ ವಿದ್ಯಾರ್ಥಿಯ ಈ ದುರ್ಬಲ ಸ್ಥಿತಿ ಇಂದಿಗೂ ಪೂರ್ತಿ ಮಾಯವಾಗಿಲ್ಲ.

ಅನ್ನದ ಮೂಲ

ಬೇಡಿ ಓದುವ ಪದ್ಧತಿಗೆ ಒಂದು ಮಿತಿಯಿತ್ತು. ಹತ್ತು ಜನ ವಿದ್ಯಾರ್ಥಿಗಳನ್ನು ಒಂದು ಊರು ಸಾಕಬಹುದು, ನೂರಾರು ಜನ ಬಂದರೆ ಕಷ್ಟ. ಹಾಗಾಗಿ ದೊಡ್ಡ ವಿದ್ಯಾಕೇಂದ್ರಗಳು ಬೆಳೆದಂತೆ ಭಿಕ್ಷೆಯ ಜಾಗಕ್ಕೆ ದತ್ತಿ ಬಂತು. ಏಳನೆಯ ಶತಮಾನದಲ್ಲಿ ನಾಲಂದಾದಲ್ಲಿ ಓದಿದ ಚೀನದ ಯಾತ್ರಿಕ ಹ್ಯುಯೆನ್‌ತ್ಸಾಂಗನ ಜೀವನಚರಿತ್ರೆ ಆ ವಿದ್ಯಾಲಯಕ್ಕೆ ಸುಮಾರು ನೂರು ಹಳ್ಳಿಗಳ ಆದಾಯವಿತ್ತೆಂದೂ, ಅಲ್ಲಿದ್ದವರು ಅನ್ನ, ಬಟ್ಟೆ, ಹಾಸಿಗೆ, ಔಷಧಗಳಿಗಾಗಿ ಬೇಡಬೇಕಾಗಿರಲಿಲ್ಲವೆಂದೂ ಹೇಳುತ್ತದೆ. ಒಂಬತ್ತನೆಯ ಶತಮಾನದಲ್ಲಿ ಸುವರ್ಣದ್ವೀಪದ, ಎಂದರೆ ಇಂದಿನ ಸುಮಾತ್ರಾದ, ಅರಸ ಬಾಲಪುತ್ರದೇವ ನಾಲಂದಾದಲ್ಲಿ ಒಂದು ವಿಹಾರ ಕಟ್ಟಿಸಿದ. ಅದರ ಖರ್ಚಿಗಾಗಿ ಅವನ ಕೋರಿಕೆಯಂತೆ ಪಾಲರ ದೇವಪಾಲ ಐದು ಹಳ್ಳಿಗಳನ್ನು ಬಿಟ್ಟುಕೊಟ್ಟ. ಕಟ್ಟಡ ಹೊರದೇಶದವರದು, ಅನ್ನ ಈ ನೆಲದ್ದು. ಎರಡು ದೇಶಗಳು ಸೇರಿ ವಿದ್ಯಾಕೇಂದ್ರವನ್ನು ನಡೆಸುವ ಒಪ್ಪಂದಕ್ಕೆ ಇದಕ್ಕಿಂತ ಒಳ್ಳೆಯ ಹಳೆಯ ಉದಾಹರಣೆ ಸಿಗುವುದು ಕಷ್ಟ.

ಕನ್ನಡ ನಾಡಿನಲ್ಲಿ ಈ ಲೆಕ್ಕ ಎಷ್ಟು ಸೂಕ್ಷ್ಮವಾಗಿತ್ತೆಂಬುದಕ್ಕೆ ವಿಜಯಪುರ ಜಿಲ್ಲೆಯ ಸಾಲೋಟಗಿಯ ಶಾಸನ ಸಾಕ್ಷಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ 945ರಲ್ಲಿ ಅಲ್ಲಿ ಒಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ಜನಪದಗಳ ವಿದ್ಯಾರ್ಥಿಗಳು ಬಂದು ಸೇರಿದರು. ಇರಲು 27 ಮನೆಗಳು, ಅವುಗಳಲ್ಲಿ ದೀಪ ಉರಿಸಲೆಂದೇ 12 ನಿವರ್ತನ ಭೂಮಿ. ಇನ್ನೂ ಸ್ವಾರಸ್ಯದ ವಿಷಯವೆಂದರೆ ಊರವರ ಪಾಲು. ಮನೆಯಲ್ಲಿ ಮದುವೆಯಾದರೆ 5 ನಾಣ್ಯ, ಉಪನಯನವಾದರೆ ಎರಡೂವರೆ, ಚೌಲವಾದರೆ ಒಂದೂಕಾಲು ನಾಣ್ಯ ಶಾಲೆಗೆ ಸಲ್ಲಬೇಕು. ತಮ್ಮ ಮನೆಯ ಶುಭಕಾರ್ಯದ ಒಂದು ಪಾಲು ಪರಊರಿನ ಮಕ್ಕಳ ಓದಿಗೆ ಹೋಗಲಿ ಎಂಬ ಕಟ್ಟಳೆ ಇದು.

ಬಳ್ಳಿಗಾವೆಯ ಕಾಲ

ಇನ್ನು ಶಿಕಾರಿಪುರಕ್ಕೆ ಮರಳೋಣ. ಮಯೂರಶರ್ಮ ಹೊರಟ ತಾಳಗುಂದವೂ, ಬನವಾಸಿ ನಾಡಿನ ರಾಜಧಾನಿಯಾಗಿದ್ದ ಬಳ್ಳಿಗಾವೆಯೂ ಇಂದಿನ ಶಿರಾಳಕೊಪ್ಪದ ಆಸುಪಾಸಿನಲ್ಲೇ ಇವೆ. ಏಳು ಶತಮಾನಗಳು ಕಳೆಯುವಷ್ಟರಲ್ಲಿ ಸ್ಥಿತಿ ತಿರುಗಿತ್ತು. ಯಾವ ಸೀಮೆಯ ವಿದ್ಯಾರ್ಥಿ ಓದಲು ಕಂಚಿಗೆ ಹೋಗಬೇಕಾಗಿತ್ತೋ ಆ ಸೀಮೆಗೇ ಈಗ ಹೊರಗಿನವರು ಬರುತ್ತಿದ್ದರು.

1036ರಲ್ಲಿ ಚಾಲುಕ್ಯ ಜಯಸಿಂಹ ಬಳ್ಳಿಗಾವೆಯ ಪಂಚಲಿಂಗ ದೇವಾಲಯಕ್ಕೆ ದತ್ತಿ ಬಿಟ್ಟಾಗ ಅದನ್ನು ಸ್ವೀಕರಿಸಿದವನು ಕಾಳಾಮುಖ ವಿದ್ವಾಂಸ ಲಕುಳೀಶ್ವರ ಪಂಡಿತ. ದೇವರ ಪೂಜೆ, ಕಟ್ಟಡದ ದುರಸ್ತಿಯ ಜೊತೆಗೆ ವಿದ್ಯಾರ್ಥಿಗಳ ಮತ್ತು ತಪಸ್ವಿಗಳ ಊಟ ಬಟ್ಟೆಯೂ ದತ್ತಿಯ ಉದ್ದೇಶಗಳಲ್ಲಿ ಸೇರಿತ್ತು. ಬಳ್ಳಿಗಾವೆಯಲ್ಲಿ ಹರಿ, ಹರ, ಬ್ರಹ್ಮ, ಜಿನ, ಬುದ್ಧರಿಗೆ ಸಂಬಂಧಿಸಿದ ಐದು ಮಠಗಳಿದ್ದುವೆಂದು 12ನೆಯ ಶತಮಾನದ ಶಾಸನ ಹೇಳುತ್ತದೆ.

ಇವೆಲ್ಲಕ್ಕೂ ಕಳಶವಿಟ್ಟಂತಿರುವುದು ಕೋಡಿಯ ಮಠ. ಇಂದು ನಾವು ನೋಡುವ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಮಠವಿದು. ಕೆರೆಯ ಕೋಡಿಯ ಬಳಿ ಇದ್ದುದರಿಂದ ಆ ಹೆಸರು. 1162ರಲ್ಲಿ, ಕಳಚುರಿ ಬಿಜ್ಜಳನ ಕಾಲದಲ್ಲಿ, ವಾಮಶಕ್ತಿ ಪಂಡಿತ ಮಠಾಧಿಪತಿಯಾಗಿದ್ದಾಗ ಬರೆಸಿದ ಶಾಸನ ಅಲ್ಲಿ ಏನೇನು ನಡೆಯುತ್ತಿತ್ತೆಂದು ಪಟ್ಟಿ ಮಾಡುತ್ತದೆ. ಅಂಗಗಳ ಸಮೇತ ನಾಲ್ಕು ವೇದಗಳ ಅಧ್ಯಯನ. ಪಾಣಿನಿ, ಶಾಕಟಾಯನ ಮುಂತಾದವರ ವ್ಯಾಕರಣ. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮುಂತಾದ ದರ್ಶನಗಳು. ಲಾಕುಳ ಸಿದ್ಧಾಂತ, ಯೋಗಶಾಸ್ತ್ರ, ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ. ಶೈವ ಮಠವೊಂದು ಬೌದ್ಧ ದರ್ಶನವನ್ನೂ ತನ್ನ ಪಾಠಪಟ್ಟಿಯಲ್ಲಿ ಇರಿಸಿಕೊಂಡಿತ್ತೆಂಬುದು ಗಮನಾರ್ಹ.

ಪಟ್ಟಿ ಇಷ್ಟಕ್ಕೇ ನಿಲ್ಲುವುದಿಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅಲ್ಲಿ ಅನ್ನ ಸಿಗುತ್ತಿತ್ತು. ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರಿಗೂ ಊಟವಿತ್ತು. ನಾನಾ ದೇಶಗಳಿಂದ ಬರುವ ನಾನಾ ಪಂಥದ ಸನ್ಯಾಸಿಗಳಿಗೆ, ಜೈನ ಕ್ಷಪಣಕರೂ ಸೇರಿದಂತೆ, ಭಿಕ್ಷೆಯಿತ್ತು. ಕಾಯಿಲೆ ಬಿದ್ದ ಅನಾಥರಿಗೆ ಔಷಧೋಪಚಾರವಿತ್ತು. ಎಲ್ಲ ಜೀವಿಗಳಿಗೂ ಅಭಯ ಕೊಡುವ ಸ್ಥಳವಿದು ಎಂದು ಶಾಸನ ಹೇಳಿಕೊಳ್ಳುತ್ತದೆ. ಕಂಚಿಯಲ್ಲಿ ಮಯೂರಶರ್ಮನಿಗೆ ಸಿಗದೇ ಹೋದದ್ದು ಈ ಕೊನೆಯ ಮಾತು, ಅಭಯ.

12ನೆಯ ಶತಮಾನದಲ್ಲಿ ತಾಳಗುಂದವೂ ವಿದ್ಯೆಯ ಊರಾಗಿಯೇ ಉಳಿದಿತ್ತು. ಅಲ್ಲಿ ವೇದ ಶಾಸ್ತ್ರಗಳನ್ನು ಕಲಿಸುವವರಿಗಷ್ಟೇ ಅಲ್ಲ, ಕನ್ನಡ ಕಲಿಸುವ ಉಪಾಧ್ಯಾಯರಿಗೂ ಜೀವನೋಪಾಯದ ವ್ಯವಸ್ಥೆಯಿತ್ತೆಂದು ತಿಳಿಯುತ್ತದೆ. ಪಕ್ಕದ ಸೊರಬ ತಾಲೂಕಿನ ಕುಪ್ಪಟೂರು, ಇಂದಿನ ಕುಬಟೂರು, ಇಂಥದೇ ಇನ್ನೊಂದು ಅಗ್ರಹಾರ. ಆನವಟ್ಟಿಯ ಬಳಿಯ ಈ ಊರು ಇಂದು ಕೈಟಭೇಶ್ವರ ದೇವಾಲಯದಿಂದ ಪ್ರಸಿದ್ಧ. ಕದಂಬ ಕೀರ್ತಿವರ್ಮನ ರಾಣಿ ಮಾಳಲದೇವಿ 1077ರ ಸುಮಾರಿಗೆ ಇಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದಾಗ ಅಗ್ರಹಾರದ ಬ್ರಾಹ್ಮಣರನ್ನು ಸತ್ಕರಿಸಿ, ಬಸದಿಗೆ ಬ್ರಹ್ಮಜಿನಾಲಯವೆಂಬ ಹೆಸರು ಇಡಿಸಿದಳು. ಒಂದು ಪಂಥದ ಸಂಸ್ಥೆ ನಿಲ್ಲಬೇಕಾದರೆ ಇನ್ನೊಂದು ಪಂಥದ ನೆರೆಯವರ ಒಪ್ಪಿಗೆಯೂ ಬೇಕೆಂಬ ತಿಳಿವಳಿಕೆ ಇದರ ಹಿಂದಿದೆ.

ಹಣ ಯಾರದು?

ಶಾಸನಗಳಲ್ಲಿ ದಾನಿಯ ಹೆಸರು ದೊಡ್ಡದಾಗಿ ಕಾಣುತ್ತದೆ. ಆಚಾರ್ಯನ ಕಾಲು ತೊಳೆದು, ಧಾರೆಯೆರೆದು ಅರಸ ಹಳ್ಳಿಯನ್ನು ಬಿಟ್ಟುಕೊಡುತ್ತಾನೆ. ಆದರೆ ಹಳ್ಳಿ ಕೊಟ್ಟನೆಂದರೆ ಅರ್ಥವೇನು? ಅಲ್ಲಿಯವರೆಗೆ ಅರಮನೆಗೆ ಸಲ್ಲುತ್ತಿದ್ದ ತೆರಿಗೆ ಇನ್ನು ಮೇಲೆ ಮಠಕ್ಕೆ ಸಲ್ಲುತ್ತದೆ. ಕೆರೆಯ ಕೆಳಗೆ ಗದ್ದೆ ಉತ್ತು, ಭತ್ತ ಬೆಳೆದು, ತೆರಿಗೆ ತೆತ್ತವನು ಹೊಲದಲ್ಲೇ ಇರುತ್ತಾನೆ. ಪೇಟೆಯ ಸೆಟ್ಟಿಗಳು ಬಿಡುತ್ತಿದ್ದ ಸುಂಕದ ಪಾಲಿನ ಹಿಂದೆ ಸಾಮಾನು ಕೊಂಡವರಿದ್ದಾರೆ. ಗಾಣಿಗರು ನಂದಾದೀಪಕ್ಕೆ ಕೊಡುತ್ತಿದ್ದ ಎಣ್ಣೆಯ ಹಿಂದೆ ಎಳ್ಳು ಬೆಳೆದವರಿದ್ದಾರೆ. ವಿದ್ಯಾರ್ಥಿಯ ತಟ್ಟೆಯ ಅನ್ನ ಇವರೆಲ್ಲರದು.

ಹಾಗಾದರೆ ಈ ಅನ್ನ ಬೆಳೆದವರ ಮಕ್ಕಳಿಗೆ ಘಟಿಕೆಯಲ್ಲಿ ಜಾಗವಿತ್ತೇ? ಇರಲಿಲ್ಲ. ವೇದಾಧ್ಯಯನದ ಬಾಗಿಲು ಹುಟ್ಟಿನಿಂದಲೇ ಹೆಚ್ಚಿನವರಿಗೆ ಮುಚ್ಚಿತ್ತು. ಹೆಂಗಸರಿಗಂತೂ ಮುಚ್ಚಿಯೇ ಇತ್ತು. ಈ ಹಳೆಯ ವ್ಯವಸ್ಥೆಯನ್ನು ಹೊಗಳುವಾಗ ಇದನ್ನು ಮರೆತರೆ ಅದು ಅರ್ಧ ಚರಿತ್ರೆ.

ಕೋಡಿಯ ಮಠದ ಶಾಸನ ಹುಟ್ಟಿದ ಕಾಲದಲ್ಲೇ ಈ ತಾಲೂಕಿನ ಇಬ್ಬರು ಬೇರೊಂದು ದಾರಿ ಹಿಡಿದರೆಂಬುದು ಕಾಕತಾಳೀಯವಿರಬಹುದು, ಆದರೆ ಅರ್ಥಪೂರ್ಣ. ಬಳ್ಳಿಗಾವೆಯ ಅಲ್ಲಮನೂ ಉಡುತಡಿಯ ಅಕ್ಕಮಹಾದೇವಿಯೂ ಕಲ್ಯಾಣ ಸೇರಿದ್ದನ್ನು ಶರಣ ಪರಂಪರೆ ನೆನೆಯುತ್ತದೆ. ಅದೂ ಬಿಜ್ಜಳನ ರಾಜ್ಯವೇ. ಅಲ್ಲಿ ಪ್ರವೇಶಕ್ಕೆ ಕುಲ ಕೇಳಲಿಲ್ಲ, ಹೆಣ್ಣು ಗಂಡೆಂದು ನೋಡಲಿಲ್ಲ. ಬಂದವರ ಅನ್ನಕ್ಕೆ ಒದಗಿದ್ದು ರಾಜದತ್ತಿಯಲ್ಲ, ಕಾಯಕ ಮಾಡಿದವರ ದಾಸೋಹ. ದುಡಿಯುವವರೇ ಗಳಿಕೆಯಲ್ಲಿ ಪಾಲು ತೆಗೆದು ಅರಿವನ್ನು ಅರಸಿ ಬಂದವರಿಗೆ ಬಡಿಸಿದರು. ಕನ್ನಡ ನಾಡು ವಿದ್ಯೆಗೆ ಹಣ ಕೂಡಿಸಿದ ರೀತಿಗಳಲ್ಲಿ ಇದು ನಿಜವಾಗಿ ಹೊಸದು. ಮಠಗಳ ಉಚಿತ ಪ್ರಸಾದನಿಲಯಗಳು ಇಪ್ಪತ್ತನೆಯ ಶತಮಾನದಲ್ಲಿ ಹಳ್ಳಿಗಳ ಸಾವಿರಾರು ಮಕ್ಕಳನ್ನು ಓದಿಸಿದ್ದು ಈ ದಾರಿಯ ಮುಂದುವರಿಕೆಯಾಗಿಯೇ.

ಹಡಗು ಹತ್ತಿದವರು

ಇಂಗ್ಲಿಷ್ ವಿದ್ಯೆ ಬಂದ ಮೇಲೆ ಕಂಚಿಯ ಜಾಗದಲ್ಲಿ ಲಂಡನ್, ನ್ಯೂಯಾರ್ಕ್ ಬಂದವು. ದತ್ತಿಯ ಜಾಗದಲ್ಲಿ ವಿದ್ಯಾರ್ಥಿವೇತನ ಬಂತು. ಜೊತೆಗೆ ಷರತ್ತೂ ಬಂತು. 1913ರಲ್ಲಿ ಬರೋಡದ ಸಯಾಜಿರಾವ್ ಗಾಯಕವಾಡರು ಬಿ.ಆರ್. ಅಂಬೇಡ್ಕರರನ್ನು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿದಾಗ ಕೊಟ್ಟದ್ದು ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷದ ಮಟ್ಟಿಗೆ. ಹಿಂತಿರುಗಿ ಬಂದು ಸಂಸ್ಥಾನದಲ್ಲಿ ಹತ್ತು ವರ್ಷ ಸೇವೆ ಮಾಡಬೇಕೆಂಬ ಕರಾರಿತ್ತು. ವೇತನದ ಅವಧಿ ಮುಗಿದುದರಿಂದ 1917ರಲ್ಲಿ ಅವರು ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. 1920ರಲ್ಲಿ ಮತ್ತೆ ಹೊರಟಾಗ ಸ್ವಂತ ಉಳಿತಾಯ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಸ್ನೇಹಿತರ ಸಾಲ ಎಲ್ಲವನ್ನೂ ಕೂಡಿಸಿಕೊಳ್ಳಬೇಕಾಯಿತು. ಪರದೇಶದ ಓದು ಎಷ್ಟೋ ಬಾರಿ ನಿಲ್ಲುವುದು ಬುದ್ಧಿ ಸಾಲದೆ ಅಲ್ಲ, ಹಣದ ಅವಧಿ ಮುಗಿದು.

ಮೈಸೂರು ಸಂಸ್ಥಾನವೂ ಪ್ರತಿಭಾವಂತರನ್ನು ಹೊರಗೆ ಕಳುಹಿಸಿತು. ಟಿ.ಪಿ. ಕೈಲಾಸಂ ಭೂವಿಜ್ಞಾನ ಕಲಿಯಲು ಲಂಡನ್ನಿಗೆ ಹೋದದ್ದು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ. 1915ರಲ್ಲಿ ಮರಳಿ ಭೂಗರ್ಭ ಇಲಾಖೆ ಸೇರಿದರು, ಕೆಲವು ವರ್ಷಗಳ ನಂತರ ಬಿಟ್ಟರು. ಲೆಕ್ಕ ಪರಿಶೋಧಕರ ದೃಷ್ಟಿಯಲ್ಲಿ ಇದು ನಷ್ಟವೇ. ಆದರೆ ಲಂಡನ್ನಿನ ನಾಟಕಶಾಲೆಗಳನ್ನು ಕಂಡು ಬಂದ ಕಣ್ಣು ಕನ್ನಡಕ್ಕೆ ಹೊಸ ರಂಗಭೂಮಿಯನ್ನು ಕೊಟ್ಟಿತು. ಇದೇ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲೂಕಿನ ಮೇಳಿಗೆಯಿಂದ ಬಂದ ಯು.ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಹೋದರು. 1966ರಲ್ಲಿ ಡಾಕ್ಟರೇಟ್ ಪಡೆದರು. ಆದರೆ ಕನ್ನಡಿಗರು ನೆನೆಯುವುದು ಅಲ್ಲಿದ್ದಾಗ ಅವರು ಬರೆದ ‘ಸಂಸ್ಕಾರ’ ಕಾದಂಬರಿಯನ್ನು. ವೇದ ಕಲಿಯಲು ಹೋದ ಮಯೂರಶರ್ಮ ರಾಜ್ಯ ಕಟ್ಟಿದಂತೆ ಇದು. ವಿದ್ಯೆಗೆ ಹಾಕಿದ ಹಣ ಮರಳಿ ಬರುತ್ತದೆ, ಆದರೆ ಬರುವ ದಾರಿಯನ್ನು ಮೊದಲೇ ಹೇಳಲಾಗದು.

ಕೊಟ್ಟು ಪಡೆಯುವ ಲೆಕ್ಕ

ಇಂದಿನ ವಿದ್ಯಾರ್ಥಿಗೆ ಅವಕಾಶಗಳಿಲ್ಲವೆಂದಲ್ಲ. ಪರಿಶಿಷ್ಟ ಜಾತಿಯವರೇ ಮುಂತಾದ ವಿದ್ಯಾರ್ಥಿಗಳ ವಿದೇಶ ವ್ಯಾಸಂಗಕ್ಕೆ ಕೇಂದ್ರದ ರಾಷ್ಟ್ರೀಯ ಯೋಜನೆಯಿದೆ. ಕರ್ನಾಟಕ ಸರ್ಕಾರವೂ ಪ್ರಬುದ್ಧ ಹೆಸರಿನ ಯೋಜನೆ ರೂಪಿಸಿತು. ಆದರೆ ಇವು ಮುಖ್ಯವಾಗಿ ಪದವಿ ವ್ಯಾಸಂಗಕ್ಕೆ. ಎರಡು ಮೂರು ತಿಂಗಳ ಇಂಟರ್ನ್‌ಶಿಪ್ಪಿಗೆ ಹೋಗುವವನು ಎರಡು ಕಂಬಗಳ ನಡುವೆ ಬೀಳುತ್ತಾನೆ. ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಒಂದು ಕೋರ್ಸಿನ ಪ್ರವೇಶಪತ್ರ ಬೇಕು. ಸಾಲ ಏಳೂವರೆ ಲಕ್ಷ ಮೀರಿದರೆ ಸಾಮಾನ್ಯವಾಗಿ ಆಸ್ತಿಯ ಆಧಾರ ಬೇಕು. ಕೆಲಸ ಕಲಿಸುವ ಸಂಸ್ಥೆ ಸಂಬಳ ಕೊಡದಿದ್ದರೆ ವಿಮಾನದ ಟಿಕೆಟ್ಟು, ವೀಸಾ, ವಿಮೆ, ಬಾಡಿಗೆ ಎಲ್ಲವೂ ಮನೆಯ ಮೇಲೆ. ಹಣವುಳ್ಳವರ ಮಕ್ಕಳಿಗೆ ಅದು ಅನುಭವ. ಜೋಳವನ್ನೋ ಶುಂಠಿಯನ್ನೋ ಬೆಳೆದು ಬದುಕುವವರ ಮಕ್ಕಳಿಗೆ ಅದು ಕೈಗೆ ಎಟುಕದ ಹಣ್ಣು. ಅನ್ನ ಬೆಳೆದವರ ಮಕ್ಕಳು ಬಾಗಿಲ ಹೊರಗೇ ಉಳಿಯುವ ಹಳೆಯ ಕಥೆ ಹೀಗೆ ಹೊಸ ವೇಷದಲ್ಲಿ ಮರಳುತ್ತದೆ.

ಇದಕ್ಕೆ ಪಶ್ಚಿಮದವರು ಕಂಡುಕೊಂಡ ಒಂದು ಉತ್ತರ ಬಳ್ಳಿಗಾವೆಯವರಿಗೆ ಅರ್ಥವಾಗುವಂಥದೇ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1948ರಲ್ಲಿ, ಯುರೋಪಿನ ಹತ್ತು ದೇಶಗಳವರು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಸೇರಿ ತಾಂತ್ರಿಕ ವಿದ್ಯಾರ್ಥಿಗಳ ವಿನಿಮಯಕ್ಕಾಗಿ ಐಎಇಎಸ್‌ಟಿಇ ಎಂಬ ಸಂಸ್ಥೆ ಕಟ್ಟಿದರು. ತತ್ವ ಸರಳ. ನಿಮ್ಮ ಎಷ್ಟು ವಿದ್ಯಾರ್ಥಿಗಳು ಹೊರಗೆ ಹೋಗಬೇಕೋ ಅಷ್ಟು ಹೊರಗಿನವರಿಗೆ ನೀವು ಕೆಲಸದ ಜಾಗ ಕೊಡಬೇಕು. ಕೆಲಸ ಕೊಟ್ಟವರು ಬಂದವನ ಊಟ ವಸತಿಗೆ ಸಾಕಾಗುವಷ್ಟು ಸಂಬಳ ಕೊಡಬೇಕು. ಕಳುಹಿಸುವ ಊರು ಸೇರಿಸಿಕೊಳ್ಳುವ ಊರೂ ಆಗಬೇಕು.

ಶಿಕಾರಿಪುರ ಸೊರಬಗಳ ಕಲ್ಲುಗಳು ಹೇಳುವುದೂ ಇದನ್ನೇ. ತಾಳಗುಂದದ ಕಂಬದಲ್ಲಿ ವಿದ್ಯಾರ್ಥಿ ಬೇಡುವವನು. ಬಳ್ಳಿಗಾವೆಯ ಶಾಸನದಲ್ಲಿ ಅದೇ ಸೀಮೆ ಬಡಿಸುವಂಥದು. ಈ ನಡುವಿನ ದೂರವನ್ನು ಯಾವ ವಿದ್ಯಾರ್ಥಿಯೂ ತನ್ನ ಸ್ವಂತ ಜಾಣ್ಮೆಯಿಂದ ದಾಟಲಿಲ್ಲ. ಕೆರೆ ಕಟ್ಟಿದವರು, ಗದ್ದೆ ಉತ್ತವರು, ಪಾಲು ಎತ್ತಿಟ್ಟವರು ಸೇರಿ ದಾಟಿಸಿದರು. ಇಂದು ನಮ್ಮ ಸಹಕಾರಿ ಸಂಘಗಳು, ಹಳೆಯ ವಿದ್ಯಾರ್ಥಿಗಳ ಬಳಗಗಳು, ಊರು ಬಿಟ್ಟು ಹೊರದೇಶದಲ್ಲಿ ನೆಲೆಸಿರುವವರು ಮನಸ್ಸು ಮಾಡಿದರೆ ವರ್ಷಕ್ಕೆ ತಾಲೂಕಿನ ಒಂದಿಬ್ಬರು ಮಕ್ಕಳ ಖರ್ಚು ಹೊರುವುದು ಅಸಾಧ್ಯವಲ್ಲ. ಹೊರಗಿನ ಒಬ್ಬ ವಿದ್ಯಾರ್ಥಿಗೆ ಇಲ್ಲಿನ ಕೆರೆ, ಕಾಡು, ಶಾಸನಗಳ ನಡುವೆ ಕಲಿಯಲು ಜಾಗ ಕೊಡುವುದೂ ಕಷ್ಟವಲ್ಲ. ಮದುವೆಯ ಮನೆಯಿಂದ 5 ನಾಣ್ಯ ಎತ್ತಿಟ್ಟ ಸಾಲೋಟಗಿಯವರು ನಮಗಿಂತ ಸಿರಿವಂತರೇನೂ ಆಗಿರಲಿಲ್ಲ.